ಬೀಳಲು ಹೋದ ಇಶೆನಾಲಿ ಮೇಷ್ಟ್ರು

ಇಶೆನಾಲಿ ಮೇಷ್ಟ್ರು ಅಂದು ಮುಖ ಸವರಿಕೊಳ್ಳದೆ ಸುಮ್ಮನೆ ಕೂತಿದ್ದರೆ ಇಷ್ಟೆಲ್ಲ ರಂಪ ಆಗುತ್ತಲೇ ಇರಲಿಲ್ಲ.

ಮೊಮ್ಮಗಳು ಹೆಜ್ಜೆ ಇಡತೊಡಗಿದಳೆಂದು ಊರ ಪದ್ಧತಿಯಂತೆ ಅವಳ ಕಾಲುಗಳಿಗೆ ದಾರ ಕಟ್ಟಿ ಕತ್ತರಿಸುವ ಔತಣ. ಕುದುರೆ ಹಾಲಿನ ಹುಳಿ ಕುಮಿಸ್ ಬಟ್ಟಲು ಬಟ್ಟಲಾಗಿ ಸುತ್ತು ಬರುತ್ತಿತ್ತು. ಮಾತು ಆ ಮಗು ಹುಟ್ಟಿದ ಕತೆಗೆ ತಿರುಗಿತು. ಊರ ಆಸ್ಪತ್ರೆಯ ಗಾಡಿ ಕೆಟ್ಟು ಮೂಲೆ ಸೇರಿ ಎಷ್ಟೋ ಕಾಲವಾಗಿತ್ತು. ಹಿಂದಿನ ಚಳಿಗಾಲದಲ್ಲಿ ಮೇಷ್ಟ್ರ ಸೊಸೆಯನ್ನು ಕುದುರೆ ಕಟ್ಟಿದ ಜಾರುಬಂಡಿಯಲ್ಲಿ ಪೇಟೆಗೆ ಸಾಗಿಸುವಾಗ ನಡುದಾರಿಯಲ್ಲಿ, ಹಿಮದ ಮೇಲೆಯೇ ಹೆರಿಗೆಯಾಗಿತ್ತು. ನರ್ಸ್ ಕನಿಶಾಯ್ ತನ್ನ ಕೋಟು ಬಿಚ್ಚಿ ಮಗುವಿಗೆ ಸುತ್ತಿದ್ದಳು. ಮಗು ಅಳುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದ ಆ ಗಳಿಗೆಯನ್ನು ಮೇಷ್ಟ್ರು ಇನ್ನೂ ಮರೆತಿರಲಿಲ್ಲ.

"ಪರದೇಶದೋರು ಸೈಕಲ್ ಮೇಲೆ ಊರೂರು ತಿರುಗಿ ಆಸ್ಪತ್ರೆಗೆ ಅಂತ ಕಾಣಿಕೆ ಎತ್ತುತಾರಂತೆ. ನಮ್ಮೋರಿಗೆಲ್ಲಿ ಬರಬೇಕು ಆ ಬುದ್ಧಿ!" ಎಂದು ಯಾರೋ ಅಂದರು.

ಕುಮಿಸ್ ಆಗಲೇ ತಲೆಗೇರಿತ್ತು. "ಅದೇನು ಮಹಾ! ನಾನೇ ಇಲ್ಲಿಂದ ಓಶ್ ಪಟ್ಟಣದವರೆಗೂ ಸೈಕಲ್ ಹೊಡೀತೀನಿ. ದಾರೀಲಿರೋ ಊರೆಲ್ಲ ನೆಂಟರೇ ತಾನೆ? ಕನಿಶಾಯ್‌ಗೆ ಹೊಸಾ ಗಾಡಿ ತರ್ತೀನಿ!" ಎಂದರು ಮೇಷ್ಟ್ರು.

ಊರ ಹಿರಿಯ ಓರೊಜ್ ಅಜ್ಜ ತಡಮಾಡಲಿಲ್ಲ. ಎರಡೂ ಅಂಗೈ ಬಿಚ್ಚಿ, "ನಿನ್ನ ದಾರಿ ಬೆಳಗಲಿ ಮಗನೇ, ಹೋದ ಕೆಲಸ ಕೈಗೂಡಲಿ" ಎಂದು ಹರಸಿಯೇ ಬಿಟ್ಟ. "ಓಮಿನ್, ಹಾಗೇ ಆಗಲಿ!" ಎಂದು ಇಡೀ ಚಪ್ಪರ ಮುಖ ಸವರಿಕೊಂಡಿತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಮೇಷ್ಟ್ರ ಕೈಗಳೂ ತಾವಾಗಿಯೇ ಮೇಲೆದ್ದು ಮುಖ ಸವರಿದವು. ಗಡ್ಡದ ತುದಿಗೆ ಬಂದಾಗಲೇ ಅವರಿಗೆ ಅರಿವಾದದ್ದು, ತನ್ನ ಮಾತಿಗೆ ತಾನೇ ಮುದ್ರೆ ಒತ್ತಿಬಿಟ್ಟೆನೆಂದು.

ಹಿರಿಯರು ಹರಸಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರು ಆ ಕಣಿವೆಯಲ್ಲಿ ಯಾರೂ ಇಲ್ಲ. ಮೇಷ್ಟ್ರು ಹಾಗೂ ಹೀಗೂ ಹೊರಟೇಬಿಡುತ್ತಿದ್ದರೋ ಏನೋ. ಆದರೆ ಒಂದು ಸಣ್ಣ ತೊಡಕಿತ್ತು. ಅವರಿಗೆ ಸೈಕಲ್ ಬಿಡಲು ಬರುತ್ತಿರಲಿಲ್ಲ.

ನಡೆಯಲು ಕಲಿಯುವ ಮೊದಲೇ ಕುದುರೆ ಮೇಲೆ ಕೂತವರು ಅವರು. ಬೆಟ್ಟದ ಹುಲ್ಲುಗಾವಲಿನಲ್ಲಿ ಬೆಳೆದ ಹುಡುಗನಿಗೆ ಸೈಕಲ್ ಎಲ್ಲಿಂದ ಬರಬೇಕು? ತಲೆ ನರೆತ ಮೇಲೆ, ಭೂಗೋಳ ಹೇಳಿಕೊಡುವ ಮೇಷ್ಟ್ರಾದ ಮೇಲೆ, "ನನಗೆ ಬರಲ್ಲ" ಎಂದು ಬಾಯಿಬಿಡುವುದು ಹೇಗೆ? ವ್ಯಾಯಾಮದ ಮೇಷ್ಟ್ರು ಮೆಲಿಸ್ ಕೊಟ್ಟ ಸೈಕಲ್ಲನ್ನು ಅವರು ಊರೆಲ್ಲ ನೂಕಿಕೊಂಡೇ ಓಡಾಡುತ್ತಿದ್ದರು. ಯಾರಾದರೂ ಕೇಳಿದರೆ "ಪಳಗಿಸ್ತಾ ಇದ್ದೀನಪ್ಪ" ಎನ್ನುತ್ತಿದ್ದರು. ಕುದುರೆ ಕಂಡ ಜನ, ಅದು ಸರಿಯೇ ಎಂದು ತಲೆದೂಗುತ್ತಿದ್ದರು.

ಹೊರಡುವ ಹಿಂದಿನ ದಿನ ಬೆಳಗಾಯಿತು. ಮೇಷ್ಟ್ರ ನಡುಮನೆ ಸಂತೆಯಾಗಿತ್ತು. ನೆಲದ ಮೇಲೆ ಹರಡಿದ ನಕ್ಷೆಯ ಸುತ್ತ ಅರ್ಧ ಊರೇ ಮಂಡಿಯೂರಿತ್ತು.

"ಕಜಾರ್ಮಾನ್ ದಾರಿ ಹಿಡೀರಿ ಮೇಷ್ಟ್ರೇ, ನನ್ನ ಷಡ್ಡಕ ಇದಾನೆ. ಕುರಿ ಕಡೀದೆ ಬಿಡಲ್ಲ."

"ಆ ದಾರೀಲಿ ಬರೀ ಕಲ್ಲು ಕಣೋ! ನಿನ್ನ ಷಡ್ಡಕನ ಕುರಿ ತಿನ್ನೋಕೆ ಮೇಷ್ಟ್ರ ಹಲ್ಲಾದ್ರೂ ಉಳೀಬೇಡ್ವಾ?"

ಕನಿಶಾಯ್ ಒಣಮೊಸರಿನ ಉಂಡೆಗಳ ಚೀಲ ತಂದು ಸೈಕಲ್ಲಿಗೆ ಕಟ್ಟಿದಳು. ಮತ್ತೊಬ್ಬರು ದಪ್ಪ ಉಣ್ಣೆಗಂಬಳಿ ಹೇರಿದರು. ಇನ್ನೊಬ್ಬರು ತಾಮ್ರದ ಚಹಾ ಹೂಜಿ ನೇತುಹಾಕಿದರು. ಸೈಕಲ್ಲು ಮದುವೆಯ ದಿಬ್ಬಣದ ಒಂಟೆಯ ಹಾಗೆ ಕಾಣತೊಡಗಿತು.

"ಎಂಟು ಊರೋರು ಫೋನ್ ಮಾಡಿದ್ರು ಅಣ್ಣ" ಎಂದಳು ಕನಿಶಾಯ್. "ಮೇಷ್ಟ್ರು ಬಂದ್ರೆ ಕೈ ಬಿಚ್ಚಿ ಕೊಡ್ತೀವಿ ಅಂದಿದಾರೆ. ಮೇಲಿನ ಕೇರೀಲಿ ಮೂರು ಜನ ಬಸುರಿಯರು ಇದಾರೆ. ಹಿಮ ಬೀಳೋಷ್ಟರಲ್ಲಿ ಗಾಡಿ ಬಂದ್ರೆ ಸಾಕು, ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ."

ಗಾಡಿ ಬರಲೇಬೇಕು. ಆದರೆ ತಾನು ಹೋದರೆ, ಎಂದು ಮೇಷ್ಟ್ರು ಲೆಕ್ಕ ಹಾಕಿದರು, ಊರ ಬಾಗಿಲಲ್ಲೇ ಮುಗ್ಗರಿಸಿ, ನಗೆಪಾಟಲಾಗಿ, ಬರುವ ಕಾಣಿಕೆಯೂ ಬಾರದೆ ಹೋಗುತ್ತದೆ. ಮೆಲಿಸ್ ಹೋಗಲಿ! ಅವನು ಹುಡುಗ, ಗಾಳಿಯ ಹಾಗೆ ಸೈಕಲ್ ಹೊಡೆಯುತ್ತಾನೆ. ಅವರು ಸದ್ದಿಲ್ಲದೆ ಎದ್ದು ಓರೊಜ್ ಅಜ್ಜನ ಮನೆಗೆ ನಡೆದರು.

"ಅಜ್ಜ, ನೀವು ಕೊಟ್ಟ ಹರಕೆ ಮೆಲಿಸ್‌ಗೆ ಕೊಡಬಹುದಾ? ಅವನಿಗೂ ತುಂಬಾ ಆಸೆ ಇದೆ ಪಾಪ."

ಅಜ್ಜ ಚಹಾ ಬಟ್ಟಲು ಕೆಳಗಿಟ್ಟ. "ಹರಕೆ ಏನು ಹಳೇ ಕೋಟೇನೋ, ಸಾಲದಿದ್ರೆ ಇನ್ನೊಬ್ಬನಿಗೆ ತೊಡ್ಸೋಕೆ? ನಿನ್ನ ಹೆಸರು ಹೇಳಿ ಕೇಳ್ಕೊಂಡಿದೀನಿ. ನೀನೇ ಹೋಗ್ಬೇಕು."

"ಯಾವತ್ತೂ ಬದಲಾಯ್ಸೋ ಹಾಗೇ ಇಲ್ವಾ?"

"ಕೈಯೋ ಕಾಲೋ ಮುರೀತು ಅನ್ನು, ಅದು ಮೇಲಿನವನ ಇಚ್ಛೆ. ಆಗ ಇನ್ನೊಬ್ಬ ಹೋಗಬಹುದು. ಅಪಶಕುನದ ಮಾತ್ಯಾಕೆ ಬಿಡು, ಚಹಾ ಕುಡಿ."

ಮೇಷ್ಟ್ರು ಚಹಾ ಕುಡಿದರು. ಬಹಳ ದಿನಗಳ ಮೇಲೆ ಅವರಿಗೆ ಚಹಾ ರುಚಿಸಿತು.

ಮಧ್ಯಾಹ್ನ ಊರು ಊಟ ಮುಗಿಸಿ ಅಡ್ಡಾದಾಗ ಅವರು ಸೈಕಲ್ ನೂಕಿಕೊಂಡು ಊರ ಹಿಂದಿನ ದಿಬ್ಬ ಹತ್ತಿದರು. ಕಾಲಿಗೆ ಮನೆಯ ರಬ್ಬರ್ ಚಪ್ಪಲಿ. ಬೀಳಲು ಹೋಗುವವನಿಗೆ ಬೂಟು ಯಾಕೆ? ದಿಬ್ಬದ ನಡುವೆ ಮೆತ್ತನೆ ಹುಲ್ಲಿನ ಜಾಗವೊಂದನ್ನು ಕಣ್ಣಲ್ಲೇ ಗುರುತು ಮಾಡಿಕೊಂಡರು. ಮುರಿಯಲೂ ಬೇಕಿಲ್ಲ, ಒಂದು ಕಾಲು ಉಳುಕಿದರೆ ಸಾಕು. ಮೆಲಿಸ್ ಹೋಗುತ್ತಾನೆ, ಗಾಡಿ ಬರುತ್ತದೆ, ತಾನು ಮನೆಯಲ್ಲಿ ಕಾಲು ಚಾಚಿ ಮೊಮ್ಮಗಳನ್ನು ಆಡಿಸುತ್ತ ಕೂರಬಹುದು. ಧರ್ಮಕಾರ್ಯಕ್ಕಾಗಿ ಬೀಳುತ್ತಿದ್ದೇನೆ ಎಂದು ಸಮಾಧಾನ ಹೇಳಿಕೊಂಡು, ಕಾಲೆತ್ತಿ ಸೀಟಿನ ಮೇಲೆ ಕೂತು, ಕಣ್ಣುಮುಚ್ಚಿ ನೆಲ ಬಿಟ್ಟರು.

ಸೈಕಲ್ಲು ಹೊರಟಿತು. ಮೇಷ್ಟ್ರು ಬೀಳಲಿಲ್ಲ.

ಐವತ್ತು ವರ್ಷ ಕುದುರೆಯ ಮೇಲೆ ಕೂತ ಸೊಂಟ ಅದು. ಎಡಕ್ಕೆ ವಾಲಿದರೆ ತಾನೇ ಬಲಕ್ಕೆ ತೂಗಿತು, ಬಲಕ್ಕೆ ವಾಲಿದರೆ ಎಡಕ್ಕೆ. ಮಂಡಿಗಳು ಕಂಬಿಯನ್ನು ಬಿಗಿಯಾಗಿ ಅಪ್ಪಿಕೊಂಡವು. ಮೆತ್ತನೆಯ ಹುಲ್ಲು ಬಂತು, ಹೋಯಿತು. ಕಣ್ಣು ಬಿಟ್ಟರೆ ಮುಂದೆ ಬರೀ ಕಲ್ಲು. ಅಲ್ಲಿ ಬೀಳುವ ಧೈರ್ಯ ಮೇಷ್ಟ್ರಿಗೆ ಇರಲಿಲ್ಲ. ಲಗಾಮು ಎಳೆದ ಹಾಗೆ ಹ್ಯಾಂಡಲ್ ಎಳೆದರು. "ದ್ರ್ರ್ರ್! ದ್ರ್ರ್ರ್!" ಎಂದು ಕುದುರೆ ನಿಲ್ಲಿಸುವ ಕೂಗು ಹಾಕಿದರು. ಬ್ರೇಕ್ ಎಂಬುದೊಂದು ಇದೆಯೆಂದು ಮೆಲಿಸ್ ಹೇಳಿದ್ದು ಆ ಹೊತ್ತಿಗೆ ಯಾರಿಗೆ ನೆನಪಿರುತ್ತದೆ?

ತಾಮ್ರದ ಹೂಜಿ ಢಣಢಣ ಬಡಿದುಕೊಳ್ಳುತ್ತಿತ್ತು. ಆ ಸದ್ದಿಗೆ ಊರೇ ಎದ್ದು ಬೀದಿಗೆ ಬಂತು.

"ಮೇಷ್ಟ್ರು ಹೊರಟ್ರು! ಒಂದು ದಿನ ಮುಂಚೇನೇ ಹೊರಟ್ರು!"

"ಅಬ್ಬಾ, ಎಂಥಾ ಓಟ ನೋಡ್ರೋ!" ಎಂದು ಮೆಲಿಸ್ ಚಪ್ಪಾಳೆ ಹೊಡೆದ. "ಅಂತೂ ಪಳಗಿಸಿಬಿಟ್ರು!"

"ಹಿಡ್ಕೊಳ್ರೋ! ಯಾರಾದ್ರೂ ಹಿಡ್ಕೊಳ್ರೋ!" ಎಂದು ಮೇಷ್ಟ್ರು ಕಿರುಚುತ್ತಿದ್ದರು. ಹೂಜಿಯ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಎಲ್ಲರೂ ಟೋಪಿ ತೆಗೆದು ಬೀಸಿದರು. ಕನಿಶಾಯ್ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು.

ಬೀದಿಯ ಕೊನೆಯಲ್ಲಿ ಮೇಷ್ಟ್ರ ಮನೆ. ಅಂಗಳದ ಮಣ್ಣೊಲೆಯಿಂದ ರೊಟ್ಟಿ ತೆಗೆಯುತ್ತಿದ್ದ ಹೆಂಡತಿ ಬುರುಲ್ ತಲೆಯೆತ್ತಿ ನೋಡಿದಳು. ಗಂಡ ಸೈಕಲ್ ಮೇಲೆ ಬರುತ್ತಿದ್ದ. ಒಂದು ಗಳಿಗೆ ಕಲ್ಲಾಗಿ ನಿಂತಳು. ಮರುಗಳಿಗೆ ಬಿಸಿ ರೊಟ್ಟಿಯೊಂದನ್ನು ಹಿಡಿದು ಬೀದಿಗೆ ಓಡಿದಳು. ದೂರ ಹೊರಟವನು ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗಬೇಕು. ಉಳಿದದ್ದು ಅವನ ದಾರಿ ಕಾಯುತ್ತ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ, ಅವನು ಹೋದ ಕೆಲಸ ಮುಗಿಸಿ ಬಂದೇ ಅದನ್ನು ತಿನ್ನಬೇಕು. ಕಚ್ಚಿದ ಮೇಲೆ ಅರ್ಧದಾರಿಯಿಂದ ತಿರುಗಿ ಬಂದರೆ ಮನೆಗೆ ಒಳ್ಳೆಯದಲ್ಲ.

"ಬುರುಲ್, ಹಿಡ್ಕೊಳೇ!" ಎಂದು ಕೂಗಲು ಮೇಷ್ಟ್ರು ಬಾಯಿ ಅಗಲ ತೆರೆದರು. ಪಕ್ಕದಲ್ಲೇ ಓಡುತ್ತಿದ್ದ ಬುರುಲ್ ಆ ಬಾಯಿಗೆ ರೊಟ್ಟಿ ತುರುಕಿದಳು. ಹಲ್ಲು ಕಚ್ಚಿತು. ಅವಳು ಎಳೆದುಕೊಂಡಳು. ಸೈಕಲ್ಲು ಮುಂದೆ ಹೋಯಿತು.

ಪಾಪ್ಲರ್ ಮರಗಳ ಸಾಲು, ಸೇತುವೆ, ಮೇಯುತ್ತಿದ್ದ ಕುರಿಗಳು, ಎಲ್ಲ ಹಿಂದಕ್ಕೆ ಓಡಿದವು. ಪಕ್ಕದೂರಿನ ಬಾಗಿಲಲ್ಲಿ ರಸ್ತೆ ತುಸು ಏರತೊಡಗಿದಾಗ ಸೈಕಲ್ಲಿನ ಹುರುಪು ಇಳಿಯಿತು. ಅದು ನಿಧಾನವಾಗಿ ತೂಗಾಡಿ, ದಾರಿ ಪಕ್ಕದ ಹುಲ್ಲಿನ ಬಣವೆಗೆ ಒರಗಿಕೊಂಡಿತು. ಮೇಷ್ಟ್ರು ಕೈಕಾಲು ಮುಟ್ಟಿ ನೋಡಿಕೊಂಡರು. ಗೀರು ಗಾಯ ಕೂಡ ಇರಲಿಲ್ಲ. ಬಾಯಲ್ಲಿದ್ದ ರೊಟ್ಟಿಯ ತುಂಡನ್ನು ಅಗಿದು ನುಂಗಿ, ಜೇಬಿನಿಂದ ಫೋನ್ ತೆಗೆದರು.

"ಬುರುಲ್, ನಾನು ವಾಪಸ್ ಬರ್ತೀನಿ ಕಣೇ. ಕಾಲಲ್ಲಿ ಮನೆ ಚಪ್ಪಲಿ ಇದೆ."

"ಬರೋ ಹಾಗಿಲ್ಲ. ರೊಟ್ಟಿ ಮೊಳೆಗೆ ಹಾಕಾಯ್ತು. ಬೂಟು, ಬಟ್ಟೆ, ನಕ್ಷೆ ಮೆಲಿಸ್ ಕೈಲಿ ಕಳಿಸ್ತೀನಿ."

ಮೇಷ್ಟ್ರು ಸುತ್ತ ನೋಡಿ ದನಿ ತಗ್ಗಿಸಿದರು. "ಬುರುಲ್... ನಿನಗೆ ಹೇಗೆ ಹೇಳ್ಲಿ? ನನಗೆ ಸೈಕಲ್ ಬಿಡೋಕೆ ಬರಲ್ಲ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಮದುವೆ ಆದ ಹೊಸತರಲ್ಲಿ ನಮ್ಮಣ್ಣನ ಸೈಕಲ್ ತಗೊಂಡು ಪೇಟೆಗೆ ಹೋಗಿ, ನೂಕ್ಕೊಂಡೇ ವಾಪಸ್ ಬಂದ್ರಲ್ಲ, ಆವತ್ತಿಂದ. ದಿನಾ ರಾತ್ರಿ ನಿಮ್ಮ ಚಿಂತೆ ನೋಡಿ ನನಗೂ ನಿದ್ದೆ ಇರ್ಲಿಲ್ಲ. ನಾಳೆ ಹೊಟ್ಟೆನೋವು ಅಂತ ಮಲಗಿಸಿಬಿಡೋಣ ಅಂತಿದ್ದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಮತ್ತೆ ಬಾಯಿಗೆ ಯಾಕೆ ರೊಟ್ಟಿ ತುರುಕಿದೆ?"

ಆ ಕಡೆಯಿಂದ ಬಂದ ದನಿ ಅವರು ಮದುವೆಯಾದಾಗಿನ ಬುರುಲ್‌ಳದು.

"ಬಿಡ್ತಾ ಇದ್ರಲ್ಲ ರೀ... ನಾನೇ ಕಣ್ಣಾರೆ ನೋಡ್ದೆ. ಎಷ್ಟು ಚೆನ್ನಾಗಿ ಬಿಡ್ತಾ ಇದ್ರಿ!"

ಮೇಷ್ಟ್ರ ಎದೆ ತುಂಬಿ ಬಂತು. ಅಷ್ಟರಲ್ಲಿ ಪಕ್ಕದೂರಿನ ಹಿರಿಯರು ಬಂದು ಸುತ್ತುವರಿದಿದ್ದರು. ಒಬ್ಬರು ಸೈಕಲ್ ಎತ್ತಿ ಒರೆಸಿದರು. ಇನ್ನೊಬ್ಬರು, "ಕನಿಶಾಯ್ ಗಾಡಿಗೆ ಮೊದಲ ಕಾಣಿಕೆ ನಮ್ಮೂರಿಂದು ಮೇಷ್ಟ್ರೇ" ಎಂದು ಗಂಟೊಂದನ್ನು ಅವರ ಕೈಯಲ್ಲಿಟ್ಟರು.

ಮೇಷ್ಟ್ರು ಗಂಟನ್ನು ಅಂಗಿಯೊಳಗೆ ಇಳಿಬಿಟ್ಟು ಮುಂದಿನ ದಾರಿ ನೋಡಿದರು. ಇಲ್ಲಿಯತನಕ ಇಳಿಜಾರು. ಇಲ್ಲಿಂದಾಚೆಗೆ ಕಣಿವೆಯ ಬಾಗಿಲವರೆಗೂ ಬರೀ ಏರು. ಇಳಿಜಾರಿಲ್ಲದೆ ಸೈಕಲ್ ಹೊರಡಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಹತ್ತಿರ ನಿಂತಿದ್ದ ಹಿರಿಯರ ಕಿವಿಯ ಬಳಿ ಬಾಗಿ ಮೆಲ್ಲಗೆ ಕೇಳಿದರು:

"ಅಣ್ಣಾ, ತಪ್ಪು ತಿಳೀಬೇಡಿ... ಹಿಂದಿನಿಂದ ಒಂಚೂರು ನೂಕ್ತೀರಾ?"