ಚಂದ್ರಿಯ ತವರುಮನೆ

ಆಳಂದದ ದತ್ತಪ್ಪನ ಮನೆಯಲ್ಲಿ ಆ ದಿನ ಬೆಳಿಗ್ಗೆ ಚಂದ್ರಿ ಅಟ್ಟದಿಂದ ಇಳಿಯಲಿಲ್ಲ. ಇಳಿಯಲಿಲ್ಲ ಅನ್ನುವುದಕ್ಕಿಂತ ಇಳಿಯಲು ಆಗಲಿಲ್ಲ ಅನ್ನಬೇಕು. ಎರಡು ಸಲ ಮುಂಗಾಲು ಚಾಚಿ ಕೆಳಗೆ ನೋಡಿದಳು, ಎರಡು ಸಲವೂ ಮನಸ್ಸು ಬದಲಿಸಿ ಹಿಂದೆ ಸರಿದಳು. ಕೊನೆಗೆ ದತ್ತಪ್ಪನ ಹೆಂಡತಿ ಅಂಬುಬಾಯಿ ಏಣಿ ಹಾಕಿ ಬೆಕ್ಕನ್ನು ಎತ್ತಿ ಇಳಿಸಿದಳು, ಹೊಟ್ಟೆ ಸವರಿದಳು, ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಗಂಡನ ಹತ್ತಿರ ಬಂದಳು.

"ಏನ್ರಿ, ಚಂದ್ರಿಗೆ ದಿನ ತುಂಬ್ಯಾವ್ರಿ."

ದತ್ತಪ್ಪ ಬಾಯಿಂದ ಬೇವಿನಕಡ್ಡಿ ತೆಗೆದ. "ಯಾವ ದಿನ?"

"ಬಸುರಿ ಅದಾಳ್ರಿ. ಇನ್ನ ನಾಕೈದು ದಿನದಾಗ ಹಡೀತಾಳ."

ದತ್ತಪ್ಪ ಮಲ್ಲಣ್ಣ ಸಾವ್ಕಾರರ ಅಡತಿ ಅಂಗಡಿಯಲ್ಲಿ ತೊಗರಿ ತೂಗುವವನು. ತಿಂಗಳಿಗೆ ಹನ್ನೆರಡು ರೂಪಾಯಿ ಸಂಬಳ. ಜರ್ಮನಿಯವರು ಎಲ್ಲೋ ಯುದ್ಧ ಹೂಡಿದ್ದರಿಂದ ಆಳಂದದಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆಯನ್ನು ಜನ ಮರೆತೇಬಿಟ್ಟಿದ್ದರು, ಬೆಲ್ಲದ ಬೆಲೆ ಕೇಳಿದವರು ಸುಮ್ಮನೆ ಅಂಗಡಿಯಿಂದ ಇಳಿದು ಬರುತ್ತಿದ್ದರು. ದತ್ತಪ್ಪನ ಮನೆಯಲ್ಲಿ ತಿಂಗಳ ಕೊನೆಯ ವಾರವೆಂದರೆ ರೊಟ್ಟಿ, ಪುಂಡಿಪಲ್ಯ ಅಷ್ಟೆ. ಅದರಲ್ಲೂ ರೊಟ್ಟಿ ಎಣಿಸಿಯೇ ಬಡಿಯುವುದು.

"ಹಡೀಲಿ ಬಿಡು," ಎಂದ. "ಬೆಕ್ಕು ಹಡಿಯಾಕ ನಂದೇನ ಖರ್ಚದ?"

ಈ ಮಾತನ್ನು ಅವನು ಮೆಲ್ಲಗೆ ಆಡಬೇಕಿತ್ತು. ಗೋಡೆಯಾಚೆ ಕುಲಸುಮಬಿ ಇದ್ದಳು. ಆಕೆ ಓಣಿಯ ಸೂಲಗಿತ್ತಿ. ಓಣಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ದತ್ತಪ್ಪನೂ ಅವರಲ್ಲೊಬ್ಬ. ಹೀಗಾಗಿ ಅವನ ಮನೆಗೆ ಬರುವಾಗ ಬಾಗಿಲು ಬಡಿಯುವ ರೂಢಿಯನ್ನು ಅವಳು ಇಟ್ಟುಕೊಂಡಿರಲಿಲ್ಲ. ನೇರ ಒಳಗೆ ಬಂದವಳೇ ಚಂದ್ರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆರಳಲ್ಲೇ ಎಣಿಸಿದಳು.

"ನಾಕು ಅದಾವ. ಐದನೇದು ಈಗೇ ಹೇಳಾಕ ಬರಂಗಿಲ್ಲ. ದತ್ತು, ಇಕಿಗೆ ಇವತ್ತಿನಿಂದ ಮುಂಜಾನೆ ಪಾವಸೇರು, ಸಂಜಿಗೆ ಪಾವಸೇರು ಹಾಲು ಬೇಕು ನೋಡು."

"ಖಾಲಾ, ನಾನೇ ಹಾಲಿನ ಮಾರಿ ನೋಡಿ ವರ್ಷ ಆತು."

"ನೀ ನೋಡಬ್ಯಾಡ. ಇಕಿಗೆ ತೋರ್ಸು. ಹಡದ ಮ್ಯಾಲ ಬೆಲ್ಲ, ಕೊಬ್ಬರಿ, ಅಂಟಿನ ಉಂಡಿ."

"ಬೆಕ್ಕು ಅಂಟಿನ ಉಂಡಿ ತಿಂತದೇನ?"

"ತಿನ್ನದಿದ್ರ ನೀ ತಿನ್ನು. ಬಾಣಂತಿ ಮನ್ಯಾಗ ಉಂಡಿ ಇರಬೇಕು," ಎಂದು ಕುಲಸುಮಬಿ ದನಿ ಇಳಿಸಿದಳು. "ಬಸುರಿ ಬೆಕ್ಕನ್ನ ಉಪಾಸ ಕೆಡವಿದ ಮನ್ಯಾಗ ತೊಟ್ಟಿಲು ಕಟ್ಟಂಗಿಲ್ಲಪ್ಪ. ಇದು ನಾ ಕಣ್ಣಾರೆ ಕಂಡದ್ದು."

ಅಂಬುಬಾಯಿಯ ಕೈ ಬೆಕ್ಕಿನ ಬೆನ್ನ ಮೇಲೆ ಹಾಗೇ ನಿಂತಿತು. ಮದುವೆಯಾಗಿ ಆರು ವರ್ಷ. ಆ ಮನೆಯ ತೊಲೆಗೆ ಇನ್ನೂ ತೊಟ್ಟಿಲ ಹಗ್ಗ ಬಿದ್ದಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ದತ್ತಪ್ಪ ಎಂಥ ಜಿಪುಣನಾದರೂ ಆ ನೋಟದ ಎದುರಿಗೆ ಲೆಕ್ಕ ಹೇಳುವಷ್ಟು ಗಟ್ಟಿ ಎದೆಯವನಲ್ಲ. ಹಾಲು ಬೇಕು ಅನ್ನುವುದು ಅಲ್ಲಿಗೆ ಇತ್ಯರ್ಥವಾಯಿತು. ಎಲ್ಲಿಂದ ಅನ್ನುವುದು ಮಾತ್ರ ಉಳಿಯಿತು.

"ಇದನ್ನ ಮಾಡಿದವ ಯಾರು ಅಂತ ಓಣಿಗೆಲ್ಲ ಗೊತ್ತದ," ಎಂದಳು ಕುಲಸುಮಬಿ. "ಗಾಣದ ಮಲ್ಕಪ್ಪನ ಗಂಡುಬೆಕ್ಕು. ಹೋಗಿ ಅರ್ಧ ಖರ್ಚು ಕೇಳು."

ದತ್ತಪ್ಪನಿಗೆ ಇದು ನ್ಯಾಯವೆನ್ನಿಸಿತು. ಚಂದ್ರಿಯನ್ನು ಸಾಕ್ಷಿಗೆಂದು ಬುಟ್ಟಿಯಲ್ಲಿ ಕೂಡಿಸಿ, ಮೇಲೊಂದು ಚೀಲ ಮುಚ್ಚಿ, ಅಂಗಡಿಗೆ ಹೋಗುವ ದಾರಿಯಲ್ಲೇ ಗಾಣಕ್ಕೆ ಹೊಕ್ಕ.

ಮಲ್ಕಪ್ಪ ಕುಸುಬಿ ಗಾಣ ಹೊಡೆಯುತ್ತಿದ್ದ. ಕಣ್ಣು ಕಟ್ಟಿದ ಎತ್ತು ಸುತ್ತುತ್ತಿತ್ತು. ಆರೋಪಿ ಹಿಂಡಿಯ ರಾಶಿಯ ಮೇಲೆ ಕಾಲು ಚಾಚಿ ಮಲಗಿದ್ದ. ತುಂಬಿದ ಮೈ, ಹರಿದ ಕಿವಿ, ಯಾವ ಚಿಂತೆಯೂ ಇಲ್ಲ.

"ಮಲ್ಕಪ್ಪ, ನಿನ್ನ ಬೆಕ್ಕಿನ ಮ್ಯಾಲ ಒಂದು ತಕರಾರು ಅದ," ಎಂದು ದತ್ತಪ್ಪ ಚೀಲ ಸರಿಸಿದ.

ಸರಿಸಬಾರದಿತ್ತು. ಹಿಂಡಿಯ ಮೇಲೆ ಮಲಗಿದವನನ್ನು ಕಂಡದ್ದೇ ಚಂದ್ರಿಗೆ ಏನೇನು ನೆನಪಾಯಿತೋ ಏನೋ. ಬೆಳಿಗ್ಗೆ ಅಟ್ಟದಿಂದ ಇಳಿಯಲಾರದ ಬಸುರಿ ಈಗ ಬುಟ್ಟಿಯಿಂದ ಒಂದೇ ನೆಗೆತಕ್ಕೆ ಎತ್ತಿನ ಬೆನ್ನೇರಿ ಉಗುರೂರಿದಳು. ಹುಟ್ಟಿದಾಗಿನಿಂದ ಸುತ್ತುವುದು ಬಿಟ್ಟು ಬೇರೇನೂ ಮಾಡದಿದ್ದ ಆ ಎತ್ತು ಅಂದು ಮೊದಲ ಸಲ ಅಡ್ಡ ಹಾಯ್ದಿತು. ಎಣ್ಣೆಯ ಕೊಡ ಉರುಳಿತು. ಅದನ್ನು ಹಿಡಿಯಲು ಹೋದ ದತ್ತಪ್ಪ ಕೊಡದ ಬುಡಕ್ಕೇ ಬಿದ್ದ. ಗಂಡುಬೆಕ್ಕು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡ.

ಮಲ್ಕಪ್ಪ ಎತ್ತು ಹಿಡಿದು ಕಟ್ಟಿ ಬಂದು ನೆಲ ನೋಡಿದ. ನೆಲ ಒಣಗಿಯೇ ಇತ್ತು.

"ಎಣ್ಣಿ ಎಲ್ಲಿ ಹೋತಲೇ?"

"ಎಲ್ಲಾ ನನ್ನ ಧೋತ್ರದಾಗ ಅದ."

"ಹಂಗಾದ್ರ ಬಿಚ್ಚು. ಹಿಂಡ್ಕೋತೇನಿ."

ಎಣ್ಣೆಯ ಬೆಲೆ ಬಲ್ಲವನಾದ್ದರಿಂದ ದತ್ತಪ್ಪ ವಾದ ಮಾಡಲಿಲ್ಲ. ಟವೆಲು ಸುತ್ತಿಕೊಂಡು, ಬೆಕ್ಕನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತ. ಮಲ್ಕಪ್ಪ ಧೋತರವನ್ನು ಹಿಂಡಿ, ಮಡಚಿ ಮತ್ತೆ ಹಿಂಡಿ, ಕೊನೆಗೆ ಗಾಣದ ದಿಂಡಿಗೆ ಸುತ್ತಿ ತಿರುವಿದ.

"ಗಂಡಿನ ಕಡೆಯವರಿಗೆ ಹೆರಿಗಿ ಖರ್ಚು ಕೇಳೋದು ಯಾವ ಊರ ಪದ್ಧತಿ?" ಎಂದು ತಿರುವುತ್ತಲೇ ಕೇಳಿದ. "ಚೊಚ್ಚಲ ಹೌದಿಲ್ಲೋ?"

"ಚೊಚ್ಚಲ."

"ಮತ್ತ ಚೊಚ್ಚಲ ಯಾರು ಮಾಡಬೇಕು? ತವರುಮನಿಯವರು. ಮೊನ್ನಿ ಸೋಮವಾರ ಶಿವರಾಯನ ಮಗಳ ಹೆರಿಗಿ ಖರ್ಚಿನ ಜಗಳ ಬಂದಾಗ ನಿಮ್ಮ ಸಾವ್ಕಾರ್ರೇ ಕಟ್ಟಿ ಮ್ಯಾಲ ಕುಂತು ಫೈಸಲಾ ಮಾಡಲಿಲ್ಲೇನು? ಇದನ್ನ ಯಾರ ಮನಿಂದ ತಂದಿ?"

ದತ್ತಪ್ಪನ ಮುಖ ಮೆಲ್ಲಗೆ ಅರಳಿತು. ಚಂದ್ರಿಯನ್ನು ತಂದದ್ದು ಸಾವ್ಕಾರರ ಮನೆಯಿಂದಲೇ. ಆ ಕಡೆ ಬೆಕ್ಕಿನ ಮರಿಯನ್ನು ಬರಿಗೈಲಿ ಕೊಡುವುದಿಲ್ಲ. ಸಾವ್ಕಾರರ ಹೆಂಡತಿ ಗೌರಾಬಾಯಿ ಮರಿಯ ಹಣೆಗೆ ಕುಂಕುಮವಿಟ್ಟು, ಬುಟ್ಟಿಯಲ್ಲಿ ಒಂದು ಮುಷ್ಟಿ ಅಕ್ಕಿ ಹಾಕಿ, ಉಡಿ ತುಂಬಿದ ಹಾಗೆ ಮಾಡಿ, ನಮ್ಮ ಮನೆಯ ಹೆಣ್ಣುಮಗಳು ಎಂದೇ ಕಳಿಸಿಕೊಟ್ಟಿದ್ದಳು.

ಧೋತರ ಗಾಣದಲ್ಲೇ ಉಳಿಯಿತು. ಅದರಲ್ಲಿ ಇನ್ನೂ ಪಾವಸೇರು ಎಣ್ಣೆಯಿದೆಯೆಂದು ಮಲ್ಕಪ್ಪ ಬಿಡಲಿಲ್ಲ.

ಅಡತಿ ಅಂಗಡಿಯ ಮುಂದೆ ಭೂಸನೂರಿನಿಂದ ಬಂದ ಮೂರು ಬಂಡಿ ತೊಗರಿ ನಿಂತಿದ್ದವು. ರೈತರು ತೂಗುವವನ ದಾರಿ ಕಾಯುತ್ತ ನೊಗದ ಮೇಲೆ ಕೂತಿದ್ದರು. ಮಲ್ಲಣ್ಣ ಸಾವ್ಕಾರರು ಗಾದಿಯ ಮೇಲಿಂದ ದತ್ತಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಈಗ ಬಂದ್ಯಾ? ಧೋತ್ರ ಎಲ್ಲಿ?"

"ಗಾಣದಾಗ ಅದ್ರಿ."

"ಕೈಯಾಗ ಏನದು?"

"ನಿಮ್ಮ ಮನಿ ಹೆಣ್ಮಗಳ್ರಿ," ಎಂದ ದತ್ತಪ್ಪ. "ಚೊಚ್ಚಲಕ್ಕ ಬಂದಾಳ್ರಿ."

ಸಾವ್ಕಾರರು ಮೊದಲು ನಕ್ಕರು. ಅವರು ನಕ್ಕದ್ದು ನೋಡಿ ಬಂಡಿಯವರೂ ನಕ್ಕರು. ದತ್ತಪ್ಪ ನಗಲಿಲ್ಲ. ಎಂಟು ವರ್ಷದ ನೌಕರಿಯಲ್ಲಿ ಸಾವ್ಕಾರರ ಎದುರು ಹೌದ್ರಿ ಎನ್ನುವುದರ ಆಚೆ ಹೋಗದವನು ಇವತ್ತು ಪೂರ್ತಿ ಹೇಳಿದ. ನೌಕರಿ ಹೋದರೆ ಹೋಯಿತು ಅನ್ನುವ ಧೈರ್ಯ ಅವನಿಗೆ ಇರಲಿಲ್ಲ. ಹಾಲಿಲ್ಲದೆ ಮನೆಗೆ ಹೋಗುವ ಧೈರ್ಯ ಅದಕ್ಕಿಂತ ಕಡಿಮೆ ಇತ್ತು.

"ಉಡಿ ತುಂಬಿಸ್ಕೊಂಡು ಹೊಸ್ತಿಲ ದಾಟಿದ ಹೆಣ್ಣು ಯಾವಾಗಲೂ ತವರಿನಾಕಿ, ಚೊಚ್ಚಲದ ಖರ್ಚು ತವರಿಂದೇ, ಅದರಾಗ ಬಡವ ಸಾವ್ಕಾರ ಅಂತಿಲ್ಲ ಅಂತ ಸೋಮವಾರ ನೀವೇ ಅಂದೀರಿ. ನಾ ಹಿಂದ ನಿಂತಿದ್ನಿ ಸಾವ್ಕಾರ್ರ."

"ಅದು ಮನಿಷಾರ ಮಾತು. ಇದು ಬೆಕ್ಕಲೇ."

"ಸೋಮವಾರ ಹಂಗಂತ ಬಿಡಿಸಿ ಹೇಳಲಿಲ್ರಿ ನೀವು."

ಬಂಡಿಯವರಲ್ಲಿ ಹಿರಿಯನೊಬ್ಬ ಗಡ್ಡ ತುರಿಸಿಕೊಂಡು, "ಹೇಳಲಿಲ್ಲಂದ್ರ ಇದೂ ಅದರಾಗೇ ಬರ್ತದ್ರಿ ಸಾವ್ಕಾರ್ರ," ಎಂದ. ಅಷ್ಟರಲ್ಲಿ ಒಳಗಿಂದ ಗೌರಾಬಾಯಿಯೇ ಬಂದಳು. ಅವಳಿಗೆ ಅರ್ಧ ಮಾತು ಕೇಳಿಸಿತ್ತು, ಉಳಿದರ್ಧ ಚಂದ್ರಿಯ ಹೊಟ್ಟೆ ಹೇಳಿತು. ಬೆಕ್ಕನ್ನು ಕೈಗೆತ್ತಿಕೊಂಡು, "ನಾನೇ ಉಡಿ ತುಂಬಿ ಕಳಿಸೀನಿ. ಮನಿಗೆ ಬಂದ ಮಗಳನ್ನ ಬಾಗಿಲದಾಗ ನಿಂದ್ರಸ್ತೀರೇನು?" ಎಂದು ಗಂಡನನ್ನು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಸಾವ್ಕಾರರು ಮನಸ್ಸಿನಲ್ಲೇ ತಕ್ಕಡಿ ಹಿಡಿದರು. ತಮ್ಮ ಫೈಸಲಾದ ಮರ್ಯಾದೆ ಒಂದು ಕಡೆ, ದಿನಕ್ಕೆ ಅರ್ಧ ಸೇರು ಹಾಲು ಒಂದು ಕಡೆ. ನಲವತ್ತು ವರ್ಷ ವ್ಯಾಪಾರ ಮಾಡಿದವರು, ಬೇಗನೆ ತೂಗಿ ಮುಗಿಸಿದರು.

"ಆತು," ಎಂದರು. "ಬೆಕ್ಕಾದರೂ ಫೈಸಲಾ ಫೈಸಲಾನೇ. ಎಲ್ಲಾರೂ ಕೇಳ್ರಿ. ಚೊಚ್ಚಲ ಹೆರಿಗಿ ಹುಟ್ಟಿದ ಮನಿದು. ನಾನೇ ಪಾಲಿಸಾಕತ್ತೇನಿ, ಇನ್ನ ಯಾರೂ ಇಲ್ಲ ಅನ್ನೂಹಂಗಿಲ್ಲ."

ದತ್ತಪ್ಪ ಬಗ್ಗಿ ನಮಸ್ಕಾರ ಮಾಡಿದ. ತಡವಾಗಿ ಬಂದದ್ದಕ್ಕೆ ಅರ್ಧ ದಿನದ ಸಂಬಳ ಕಡಿದದ್ದೂ ಅವನಿಗೆ ನೋವಾಗಲಿಲ್ಲ. ಟವೆಲಿನಲ್ಲೇ ಮೂರು ಬಂಡಿ ತೊಗರಿ ತೂಗಿದ. ಊಟದ ಹೊತ್ತಿಗೆ ಸಾವ್ಕಾರರು ಆಳನ್ನು ಕರೆದು ಕಿವಿಯಲ್ಲಿ ಏನೋ ಹೇಳಿ ಓಣಿಯ ಕಡೆ ಕಳಿಸಿದ್ದನ್ನು ನೋಡಿದ, ಆದರೆ ನೋಡಿದ್ದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಜಾಣತನ ಕೈಗೂಡಿದ ದಿನ ಯಾರು ತಾನೇ ಅಂಥದ್ದನ್ನೆಲ್ಲ ಹಚ್ಚಿಕೊಳ್ಳುತ್ತಾರೆ?

ಸಂಜೆ ಚಂದ್ರಿಯನ್ನು ತವರಲ್ಲೇ ಬಿಟ್ಟು ಮನೆಗೆ ಬಂದಾಗ ಕಟ್ಟೆಯ ಮೇಲೆ ಮೂರು ಬುಟ್ಟಿ ಇದ್ದವು. ಬುಟ್ಟಿಗೊಬ್ಬರಂತೆ ಮೂವರು ಕೂತಿದ್ದರು. ಕುಲಸುಮಬಿ, ಎದುರು ಮನೆಯ ಚಂದಪ್ಪ, ಮೂಲೆ ಮನೆಯ ದ್ರೌಪದಿ.

"ಏನ್ ಖಾಲಾ, ಎಲ್ಲಾರೂ ಇಲ್ಲಿ?"

ಕುಲಸುಮಬಿ ತನ್ನ ಬುಟ್ಟಿಯ ಬಟ್ಟೆ ಸರಿಸಿದಳು. ಒಳಗೆ ಕಂದು ಬಣ್ಣದ ಬೆಕ್ಕೊಂದು ಹೊಟ್ಟೆ ಹೊತ್ತು ಕೂತಿತ್ತು. ಚಂದಪ್ಪನೂ ಸರಿಸಿದ, ದ್ರೌಪದಿಯೂ ಸರಿಸಿದಳು. ಒಂದರ ಹೊಟ್ಟೆ ಇನ್ನೊಂದಕ್ಕೆ ಕಡಿಮೆಯಿರಲಿಲ್ಲ.

"ಹೋದ ವರ್ಷ ನಿಮ್ಮ ಹಳೇ ಬೆಕ್ಕು ಸಾಯೋಕ್ಕಿಂತ ಮೊದಲ ನಿನ್ನ ಹೊರಸಿನ ಬುಡಕ ಹಡದದ್ದಿಲ್ಲೇನು, ಆ ಮರಿ ಇವು," ಎಂದಳು ಕುಲಸುಮಬಿ. "ನಾವ್ಯಾರೂ ಕೇಳಿದ್ದಿಲ್ಲ. ನೀನೇ ಮನಿ ಮನಿಗೆ ಬಂದು, ನಮ್ಮ ಮಗಳು ಅಂತ ತಿಳ್ಕೋರಿ ಅಂದು ಕೊಟ್ಟು ಹೋದಿ. ಅಂಬು ಬುಟ್ಟ್ಯಾಗ ಬೆಲ್ಲದ ಚೂರು ಹಾಕಿದ್ದಳು."

"ಮೂರೂ ಒಮ್ಮೇನೇ?"

"ವಾರಿಗಿಯವು, ಒಂದೇ ಸೂಲಿನವು. ಮಲ್ಕಪ್ಪನ ಬೆಕ್ಕಿಗೆ ಭೇದ ಇಲ್ಲ."

"ಮುಂಜಾನಿ ನೀ ಏನೂ ಅನ್ನಲಿಲ್ಲಲ್ಲ ಖಾಲಾ."

"ಮುಂಜಾನಿ ಬೆಕ್ಕಿಗೆ ತವರುಮನಿ ಅದ ಅಂತ ಯಾರಿಗೆ ಗೊತ್ತಿತ್ತಪ್ಪ? ಮಧ್ಯಾಹ್ನ ಸಾವ್ಕಾರ್ರ ಆಳು ಬಂದು ಹೇಳಿದ. ಓಣ್ಯಾಗ ಯಾರ್ಯಾರ ಬೆಕ್ಕು ಚೊಚ್ಚಲ ಅದಾವ, ಎಲ್ಲಿ ಹುಟ್ಟ್ಯಾವ, ಎಲ್ಲಾ ಕೇಳ್ಕೊಂಡು ಹೋದ."

ದತ್ತಪ್ಪ ಬಾಯಿ ತೆರೆದ. ಇದು ಬೆಕ್ಕು, ಮನುಷ್ಯರ ಮಾತು ಬೇರೆ ಎಂದು ಹೇಳಬೇಕೆಂದುಕೊಂಡ. ಅದನ್ನು ಬೆಳಿಗ್ಗೆ ಯಾರೋ ಹೇಳಿದ್ದರು, ತಾನೇ ಅದನ್ನು ನಿಲ್ಲಗೊಟ್ಟಿರಲಿಲ್ಲ.

ಒಳಗಿಂದ ಅಂಬುಬಾಯಿ ಆರತಿ ತಟ್ಟೆ ಹಿಡಿದು ಬಂದಳು. ಮೂರೂ ಬುಟ್ಟಿಗೆ ಬೆಳಗಿ, ಮೂರೂ ಹಣೆಗೆ ಕುಂಕುಮವಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು.

"ಆರು ವರ್ಷ ಆತ್ರಿ, ಈ ಮನ್ಯಾಗ ಒಂದು ಬಾಣಂತನ ಮಾಡಬೇಕಂತ ನನಗ ಆಸೆ," ಎಂದಳು. "ಒಮ್ಮಿಗೇ ಮೂರು ಬಂದಾವ. ಹಾಲು ತರ್ತೀರೇನ್ರಿ?"

ಅಷ್ಟು ಸಂತೋಷವಾಗಿದ್ದ ಹೆಂಡತಿಯನ್ನು ದತ್ತಪ್ಪ ನೋಡಿ ಬಹಳ ದಿನವಾಗಿತ್ತು. ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು, ತನ್ನ ಮೇಲೆ ಸಿಟ್ಟೂ ಬಂತು. ತಂಬಿಗೆ ತೆಗೆದುಕೊಂಡು ಹೊರಟ. ಸಂಜೆ ಹೊತ್ತು ಆ ಭಾಗದಲ್ಲಿ ಹಾಲು ಸಿಗುವುದು ಒಂದೇ ಕಡೆ, ಮಲ್ಲಣ್ಣ ಸಾವ್ಕಾರರ ಎಮ್ಮೆಯ ಕೊಟ್ಟಿಗೆಯಲ್ಲಿ.

ಸಾವ್ಕಾರರು ತಾವೇ ಅಳತೆಯ ಪಾವು ಹಿಡಿದು ಕೂತಿದ್ದರು. ಪಕ್ಕದಲ್ಲಿ ಮಡಚಿದ ಕಂಬಳಿಯ ಮೇಲೆ ಚಂದ್ರಿ ಹಾಲು ಕುಡಿದು ಮೀಸೆ ನೆಕ್ಕುತ್ತಿದ್ದಳು. ಹಳೆಯ ಯಜಮಾನನನ್ನು ನೋಡಿಯೂ ಏಳಲಿಲ್ಲ.

"ಬಾ ದತ್ತಪ್ಪ," ಎಂದರು ಸಾವ್ಕಾರರು. "ಮೂರು ಮಕ್ಕಳಿಗೆ ಸಂಜಿ ಪಾಲು ಮೂರು ಪಾವು. ಮೊದಲೇ ತಗದಿಟ್ಟೇನಿ. ರೊಕ್ಕ ಸಂಬಳದಾಗ ಹಿಡೀತೇನಿ, ಅವಸರ ಇಲ್ಲ."

ದತ್ತಪ್ಪ ತಂಬಿಗೆ ಚಾಚಿದ. ಸಾವ್ಕಾರರು ಒಂದೊಂದೇ ಪಾವು ಸುರಿದರು.

"ನನಗೂ ಮುಂಜಾನಿ ಚಿಂತಿ ಹತ್ತಿತ್ತು ನೋಡು, ಈ ಚಂದ್ರಿ ಹಾಲಿನ ಖರ್ಚು ಹ್ಯಾಂಗ ಹೊಂದಸಲಿ ಅಂತ. ನಿನ್ನ ಮೂವರ ಹಾಲಿನ ಲಾಭದಾಗ ಇಕಿದು ಸರಿಹೋಗಿ ಇನ್ನೂ ನಾಕಾಣೆ ಉಳೀತದ," ಎಂದು ಪಾವು ಬೋರಲು ಹಾಕಿದರು. "ತವರುಮನಿ ಅಂದ ಮ್ಯಾಲ ಯಾರಾದ್ರೂ ಹೊರಬೇಕಲ್ಲಪ್ಪ."

"ಹೌದ್ರಿ," ಎಂದ ದತ್ತಪ್ಪ.