ಸೂರ್ಯ ಹುಟ್ಟೋವರೆಗೂ ಭಾನುವಾರ

ದಿನಾಂಕ ಅನ್ನೋದು ನನ್ನ ಹೆಗಲೇರಿದ ಶನಿ. ಇಳಿಯೋ ಲಕ್ಷಣವೇ ಇಲ್ಲ. ದೊಡ್ಡಬಳ್ಳಾಪುರದ ಒಂದು ಮದುವೆ ಛತ್ರಕ್ಕೆ ಬುಕಿಂಗ್ ವೆಬ್‌ಸೈಟ್ ಮಾಡಿಕೊಟ್ಟು ನೋಡಿಕೊಳ್ತಿದ್ದೀನಿ. ನನಗಿರೋದು ಅದೊಂದೇ ಕೆಲಸ. ಅದೂ ಆಗಾಗ ಹೋಗೋ ಹಾಗಾಗುತ್ತೆ.

೧

ಬುಕ್ ಮಾಡಿದವರಿಗೆಲ್ಲ ಮುಂದಿನ ವರ್ಷ ಅದೇ ದಿನ ಶುಭಾಶಯದ ಮೆಸೇಜ್ ಹೋಗಲಿ ಅಂದ್ರು ಛತ್ರದ ಯಜಮಾನರು. ಮಾಡಿದೆ. ಛತ್ರದಲ್ಲಿ ಮದುವೆಯಷ್ಟೇ ಅಲ್ಲ, ಸತ್ತವರ ವೈಕುಂಠ ಸಮಾರಾಧನೆಯೂ ನಡೆಯುತ್ತೆ ಅನ್ನೋದು ನನ್ನ ತಲೆಗೇ ಹೊಳೀಲಿಲ್ಲ. ಗಂಡನ ಸಮಾರಾಧನೆ ಮಾಡಿದ್ದ ಅಜ್ಜಿಯೊಬ್ಬರಿಗೆ, ಈ ಶುಭದಿನ ನಿಮ್ಮ ಮನೆಗೆ ಮತ್ತೆ ಮತ್ತೆ ಬರಲಿ ಅಂತ ಹೋಯ್ತು. ಬೈಸಿಕೊಳ್ಳೋಕೆ ತಯಾರಾಗೇ ಫೋನ್ ಎತ್ತಿದೆ. ಅಜ್ಜಿ ಮೆತ್ತಗೆ ಹೇಳಿದ್ರು: "ಮನೇಲಿ ಉಳಿದಿರೋಳು ನಾನೊಬ್ಬಳೇ ಕಣಪ್ಪ. ಸ್ವಲ್ಪ ಟೈಮ್ ಕೊಡು."

೨

ವಧೂವರರ ಹುಟ್ಟಿದ ದಿನಾಂಕ ತುಂಬದಿದ್ರೆ ಬುಕಿಂಗ್ ಆಗಬಾರದು ಅಂತ ಮಾಡಿದ್ದೆ. ನಕ್ಷತ್ರ ಗೊತ್ತು, ದಿನಾಂಕ ಗೊತ್ತಿಲ್ಲ ಅಂದವರಿಗೆ ಛತ್ರದ ಗುಮಾಸ್ತರು ಅವತ್ತಿನ ದಿನಾಂಕವನ್ನೇ ಒತ್ತಿಬಿಡೋರು. ಹಾಗೆ ಹೊಸಕೋಟೆ ಕಡೆಯ ತಾಯಿಯೊಬ್ಬರು ಬಂದಾಗ, ವಧುವಿನ ಮದುವೆಗೆ ಇನ್ನೂ ಹದಿನೆಂಟು ವರ್ಷ ಕಾಯಬೇಕು ಅಂತ ಕಂಪ್ಯೂಟರ್‌ನಲ್ಲಿ ಬಂತು. ಆಯಮ್ಮ ಪಕ್ಕದಲ್ಲಿದ್ದ ಮಗಳನ್ನ ನೋಡಿ ನಿಟ್ಟುಸಿರು ಬಿಟ್ರು. "ಇದಕ್ಕೂ ಇವಳ ಜಾತಕ ತೋರಿಸಿಬಿಟ್ರಾ?"

೩

ಇನ್ನೊಂದು ತಪ್ಪಾದ್ರೆ ಬೇರೆಯವರನ್ನ ನೋಡ್ಕೊಳ್ತೀನಿ ಅಂತ ಯಜಮಾನರು ಹೇಳಿದ್ರು. ಅಷ್ಟರಲ್ಲೇ ಅದೂ ಆಯ್ತು. ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ ಒಂದು ಮುಹೂರ್ತ. ದಿನಾಂಕ ಇಟ್ಟುಕೊಳ್ಳೋ ಸರ್ವರ್ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅದರ ಪಾಲಿಗೆ ಅದಿನ್ನೂ ಭಾನುವಾರ. ಅಡುಗೆಯವರಿಗೆ, ಓಲಗದವರಿಗೆ ಹೋಗೋ ಪಟ್ಟಿಯಲ್ಲಿ ಗಂಟೆ ಸರಿಯಾಗಿ ಬಂತು, ದಿನ ಮಾತ್ರ ತಪ್ಪು.

ಭಾನುವಾರ ಬೆಳಗಿನ ಜಾವಕ್ಕೇ ಅಡುಗೆ ರೆಡಿ, ಓಲಗದವರು ರೆಡಿ. ಹೆಣ್ಣೂ ಇಲ್ಲ, ಗಂಡೂ ಇಲ್ಲ. ಹುಡುಗಿ ಓಡಿಹೋದಳು ಅಂತ ಅಡುಗೆಮನೆಯಲ್ಲೇ ತೀರ್ಮಾನವಾಗಿ, ಸುದ್ದಿ ಗಂಡಿನ ಮನೆಗೂ ಮುಟ್ಟಿ, ಪಾಪ, ಆ ಹುಡುಗಿ ತಾನಿನ್ನೂ ಮನೇಲೇ ಇದ್ದೀನಿ ಅಂತ ವಿಡಿಯೊ ಕಾಲ್‌ನಲ್ಲಿ ಮುಖ ತೋರಿಸಬೇಕಾಯ್ತು.

ಮಾರನೇ ದಿನ ಮದುವೆ ಹೇಗೋ ಮುಗೀತು. ಯಜಮಾನರು ನನ್ನನ್ನ ಕರೆಸಿ ಪುರೋಹಿತರ ಎದುರೇ ಉಗಿದ್ರು. ಇವತ್ತೇ ಸರಿ ಮಾಡ್ತೀನಿ, ಕೆಲಸದಿಂದ ಮಾತ್ರ ತೆಗೀಬೇಡಿ ಅಂದೆ. ಪುರೋಹಿತರು ಎಲೆಅಡಿಕೆ ಅಗೀತಾ ಪಟ್ಟಿ ನೋಡಿದ್ರು.

"ಇದರಲ್ಲೇನಿದೆ ತಪ್ಪು? ಪಂಚಾಂಗಕ್ಕೆ ಸೂರ್ಯ ಹುಟ್ಟೋವರೆಗೂ ಭಾನುವಾರವೇ. ಹುಡುಗನಿಗೆ ಶಾಸ್ತ್ರ ಗೊತ್ತು."

ಯಜಮಾನರು ತಣ್ಣಗಾದ್ರು. ಅದನ್ನ ಸರಿ ಮಾಡೋಕೆ ಹೋದ್ರೇ ಕೆಲಸದಿಂದ ತೆಗೀತೀನಿ ಅಂದ್ರು.

ಮುಂದಿನ ಬೆಳಗಿನ ಜಾವದ ಮುಹೂರ್ತಕ್ಕೂ ಅಡುಗೆಯವರು ಒಂದು ದಿನ ಮೊದಲೇ ಬಂದು ಒಲೆ ಹಚ್ಚಿದ್ರು. ಈ ಸಲ ಯಜಮಾನರಿಂದ ಬೈಸಿಕೊಂಡಿದ್ದು ಅವರು: "ಪಂಚಾಂಗ ನೋಡ್ಕೊಂಡು ಬರೋಕಾಗಲ್ವೇನ್ರಯ್ಯಾ?"