ಕರ್ಚೀಫಿನ ಅಧಿಕಾರ ಸ್ವೀಕಾರ

೨೦೧೭ರ ಜುಲೈ ಮೂರನೆಯ ತಾರೀಕು, ಸೋಮವಾರ, ಕಲ್ಪಲತಾ ಬ್ಯಾಂಕಿನ ವಿಶಾಖಪಟ್ಟಣ ಪ್ರಾದೇಶಿಕ ಕಚೇರಿಯ ದೂರು ವಿಭಾಗದ ಹಿರಿಯ ವ್ಯವಸ್ಥಾಪಕ ಹುದ್ದೆಯನ್ನು ನೀಲಿ ಅಂಚಿನ ಒಂದು ಬಿಳಿ ಕರ್ಚೀಫು ವಹಿಸಿಕೊಂಡಿತು. ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪಣೆಗಳನ್ನು ಸ್ವೀಕರಿಸುವ ವಿಭಾಗವೂ ಅದೇ ಆಗಿತ್ತು.

ಅಲ್ಲಿಯತನಕ ಆ ಕುರ್ಚಿಯಲ್ಲಿದ್ದವರು ದಾವಣಗೆರೆಯ ದಿನಕರ. ಹೆಂಡತಿ ಕಮಲಾ ವಿಜಯವಾಡದಲ್ಲಿ ಕಾಲೇಜು ಉಪನ್ಯಾಸಕಿ. ಎಂಟು ವರ್ಷದ ಮಗಳು ಅಪೂರ್ವಾಳೊಂದಿಗೆ ಅಲ್ಲಿಯ ಭವಾನಿಪುರಂನ ಬಾಡಿಗೆ ಮನೆಯಲ್ಲಿದ್ದರು. ಮೂರು ವರ್ಷದಲ್ಲಿ ದಿನಕರ ನಾಲ್ಕು ಸಲ ವಿಜಯವಾಡಕ್ಕೆ ವರ್ಗ ಕೇಳಿದ್ದರು. ನಾಲ್ಕು ಸಲವೂ 'ತಾವು ಹೋದರೆ ಕೆಲಸ ನಿಲ್ಲುತ್ತದೆ' ಎಂಬ ಗೌರವಪೂರ್ವಕ ಉತ್ತರ ಬಂದಿತ್ತು. ಕೆಲಸ ನಡೆಯುತ್ತಿದೆ ಎಂಬುದು ಅವರಿಗೆ ತಿಳಿದದ್ದೇ ಆ ಉತ್ತರಗಳಿಂದ. ಈಚೆಗಂತೂ ಅವರು ಮನೆಗೆ ಹೋದಾಗಲೆಲ್ಲ ಮಗಳು ನೀರು ತಂದುಕೊಟ್ಟು, "ಎಷ್ಟು ದಿನ ಇರ್ತೀರಂಡಿ?" ಎಂದು ತೆಲುಗಿನ ಮರ್ಯಾದೆ ಹಚ್ಚಿ, ನೆಂಟರನ್ನು ಕೇಳಿದ ಹಾಗೆ ಕೇಳತೊಡಗಿದ್ದಳು.

ಹೀಗಿರಲು ಪ್ರಧಾನ ಕಚೇರಿಗೆ ಸಲಹೆಗಾರರೊಬ್ಬರು ಬಂದು ಕಾರ್ಯವಾದ ಎಂಬ ಸಿದ್ಧಾಂತವನ್ನು ಬೋಧಿಸಿ ಹೋದರು. ಮರುದಿನವೇ ಸುತ್ತೋಲೆ ಹೊರಟಿತು:

"ಹುದ್ದೆಯೆಂದರೆ ಅದು ನಿರ್ವಹಿಸುವ ಕಾರ್ಯವೇ ಹೊರತು ಅದು ಯಾವ ವಸ್ತುವಿನಿಂದ ಆಗಿದೆ ಎಂಬುದಲ್ಲ. ಒಳಗೆ ಏನು ಬಂತು, ಹೊರಗೆ ಏನು ಹೋಯಿತು ಎಂಬುದನ್ನಷ್ಟೇ ನೋಡತಕ್ಕದ್ದು. ಮಾಂಸ, ಮರ, ಬಟ್ಟೆ ಎಂದು ಭೇದವೆಣಿಸುವ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಅದೇ ವಾರ ಅಪೂರ್ವಾಳಿಗೆ ಜ್ವರ ಬಂತು. ರಜೆ ಸಿಗಲಿಲ್ಲ. ಆಂಧ್ರದ ಕಡೆ ಬಸ್ಸು ನಿಲ್ದಾಣಕ್ಕೆ ಬಂದೊಡನೆ ಜನ ಕಿಟಕಿಯಿಂದ ಸೀಟಿನ ಮೇಲೆ ಕರ್ಚೀಫು ಎಸೆಯುತ್ತಾರೆ. ಆಮೇಲೆ ಎಂಥ ದೊಡ್ಡ ಮನುಷ್ಯನೂ ಅಲ್ಲಿ ಕೂರುವುದಿಲ್ಲ. ಮೂರು ವರ್ಷದ ವಾಸದಲ್ಲಿ ದಿನಕರ ಇಷ್ಟನ್ನು ಕಲಿತಿದ್ದರು. ಸೋಮವಾರ ಬೆಳಿಗ್ಗೆ ಕುರ್ಚಿಯ ಮೇಲೆ ಕರ್ಚೀಫು ಹಾಸಿ ರೈಲು ಹತ್ತಿದರು. ಒಂದು ದಿನವೆಂದು ಹೋದದ್ದು ಹದಿನೈದು ದಿನವಾಯಿತು.

ಈ ಹದಿನೈದು ದಿನವನ್ನು ಪ್ರಾದೇಶಿಕ ಮುಖ್ಯಸ್ಥ ಶೇಷಗಿರಿಯವರು ಖುದ್ದಾಗಿ ಪರಿಶೀಲಿಸಿದರು. ದೂರು ತಂದವರು ಕರ್ಚೀಫು ಕಂಡು 'ಸಾರ್ ಇದ್ದಾರೆ' ಎಂದುಕೊಂಡರು, ಒಂದು ಗಂಟೆ ಕಾದರು, ನಾಳೆ ಬಂದರಾಯಿತೆಂದು ಎದ್ದು ಹೋದರು. ದಿನಕರರ ಕಾಲದಲ್ಲೂ ಹೀಗೇ ಆಗುತ್ತಿತ್ತು. 'ನಾಳೆ ಬನ್ನಿ' ಎಂದು ಬಾಯಿ ನೋಯಿಸಿಕೊಳ್ಳುವ ಕಷ್ಟವೊಂದು ತಪ್ಪಿತು. ಕರ್ಚೀಫು ಚಹಾಕ್ಕೆ ಎದ್ದು ಹೋಗಲೂ ಇಲ್ಲ. ಹಾಗಾಗಿ ಜುಲೈ ಮೂರರಿಂದಲೇ ಜಾರಿಗೆ ಬರುವಂತೆ ಅದನ್ನು ಹುದ್ದೆಯಲ್ಲಿ ಖಾಯಂ ಮಾಡಲಾಯಿತು.

ದಿನಕರ ಅಳುಕುತ್ತಲೇ ಮರಳಿದರು.

"ಯಾರು ಬೇಕಿತ್ತಂಡಿ?" ಎಂದರು ಶೇಷಗಿರಿ.

"ಸರ್, ನಾನ್ರೀ, ದಿನಕರ."

"ದಿನಕರಗಾರು ಸೀಟಿನಲ್ಲೇ ಇದ್ದಾರಲ್ಲ."

"ಅದು ನನ್ನ ಕರ್ಚೀಫ್ ಐತ್ರೀ ಸರ್!"

"ಅಧಿಕಾರಿಗಳ ಬಗ್ಗೆ ಸ್ವಲ್ಪ ಮರ್ಯಾದೆಯಿಂದ ಮಾತಾಡಿ."

ದಿನಕರರಿಗೆ ಒಮ್ಮೆಲೇ ಹೊಳೆಯಿತು. "ಹಂಗಾದ್ರೆ ನಾನು ಹೋದ್ರೂ ಕೆಲಸ ನಿಲ್ಲೋದಿಲ್ಲ ಅಲ್ರೀ? ವಿಜಯವಾಡಕ್ಕೆ ಬಿಟ್ಬಿಡ್ರೀ ಸರ್."

"ನಿಮಗೂ ಒಂದು ಕಾರ್ಯ ಇರಬೇಕಲ್ಲ. ಕಾರ್ಯವಿಲ್ಲದ್ದು ಯಾವುದೂ ಇಷ್ಟು ಕಾಲ ಉಳಿಯೋದಿಲ್ಲ ಅಂತ ಸುತ್ತೋಲೆಯ ಎರಡನೇ ಪುಟದಲ್ಲಿದೆ," ಎಂದು ಶೇಷಗಿರಿಯವರು ಕಣ್ಣು ಮುಚ್ಚಿ ಯೋಚಿಸಿದರು.

ಸಂಜೆಯ ಹೊತ್ತಿಗೆ ಕಾರ್ಯ ಪತ್ತೆಯಾಯಿತು. ಹಿರಿಯ ವ್ಯವಸ್ಥಾಪಕರು ವಾರಕ್ಕೊಮ್ಮೆ ಕೊಳೆಯಾಗುತ್ತಿದ್ದರು. ವಿಶಾಖಪಟ್ಟಣದ ಕಡಲ ಗಾಳಿಗೆ ಬಟ್ಟೆ ಸರಿಯಾಗಿ ಒಣಗುವುದಿಲ್ಲ; ವಿಜಯವಾಡದ ಬಿಸಿಲಿಗೆ ಅರ್ಧ ಗಂಟೆ ಸಾಕು. ಆದ್ದರಿಂದ ಒಗೆದು, ಇಸ್ತ್ರಿ ಮಾಡಿ, ಕೊರಿಯರ್‌ನಲ್ಲಿ ಕಳಿಸುವ ಹೊಣೆಯೊಂದಿಗೆ ದಿನಕರರನ್ನು ವಿಜಯವಾಡಕ್ಕೆ ವರ್ಗಾಯಿಸಲಾಯಿತು. ರಜಾ ಬದಲಿಯಾಗಿ ಇನ್ನೊಂದು ಕರ್ಚೀಫನ್ನು ನೇಮಿಸಲಾಯಿತು. ರೈಲಿನಲ್ಲಿ ದಿನಕರರಿಗೆ ಕುಣಿಯುವಷ್ಟು ಖುಷಿ.

ಮಾರನೆಯ ಸೋಮವಾರ ಅವರು ಕಮಲಾ ಜತೆ ಮಗಳ ಶಾಲೆಗೆ ಹೋಗಿ, ತಂದೆಯೆಂದು ಹೆಸರು ಬರೆಸಲು ನಿಂತರು. ಕ್ಲಾಸ್ ಟೀಚರ್ ಗಂಗಾಭವಾನಿ ರಿಜಿಸ್ಟರ್ ತೆಗೆದರು.

"ತಂದೆಯ ಸ್ಥಾನ ಭರ್ತಿಯಾಗಿದೆಯಂಡಿ. ಮೂರು ವರ್ಷದಿಂದ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕೋದು, ಮಳೆ ಬಂದರೆ ಬಂದು ಕರಕೊಂಡು ಹೋಗೋದು, ಎಲ್ಲಾ ಜಗನ್ಮೋಹನ್‌ಗಾರು."

ಜಗನ್ಮೋಹನ್ ಎಂದರೆ ಕೆಳಗಿನ ಮನೆಯಲ್ಲಿರುವ ಮಾಲೀಕರು, ಬಹಳ ಒಳ್ಳೆಯವರು. ದಿನಕರ ವಾದಿಸಲು ಬಾಯಿ ತೆರೆದರು. ಆದರೆ ಇದೇ ತತ್ವದಿಂದ ಊರು ಸೇರಿದವರು ಯಾವ ಬಾಯಲ್ಲಿ ವಾದ ಮಾಡುವುದು?

"ಬೇರೆ ಏನಾದ್ರೂ ಖಾಲಿ ಐತೇನ್ರೀ?" ಎಂದು ಕೇಳಿದರು.

ಟೀಚರ್ ಎರಡು ಹಾಳೆ ತಿರುವಿದರು. "ತಾತ ಖಾಲಿ ಇದೆ."

"ಸಿಕ್ಕಿದ್ದು ಹಿಡ್ಕೊಳ್ರೀ, ಮುಂದೆ ನೋಡಿದ್ರಾಯ್ತು," ಎಂದು ಕಮಲಾ ಮೊಣಕೈಯಲ್ಲಿ ತಿವಿದರು. ದಿನಕರ ಸಹಿ ಹಾಕಿದರು.

ಆ ಶನಿವಾರವೇ ಶಾಲೆಯಲ್ಲಿ ಅಜ್ಜ-ಅಜ್ಜಿಯರ ದಿನಾಚರಣೆ. ಚಮಚದಲ್ಲಿ ನಿಂಬೆಹಣ್ಣಿಟ್ಟುಕೊಂಡು ಓಡುವ ಸ್ಪರ್ಧೆಯಲ್ಲಿ ನಲವತ್ತೆರಡರ ದಿನಕರರೂ ಸಾಲಿನಲ್ಲಿ ನಿಂತರು. ತಂದೆಯರ ಸಾಲಿನಿಂದ ಜಗನ್ಮೋಹನ್ ಚಪ್ಪಾಳೆ ತಟ್ಟಿದರು. ಅಪೂರ್ವಾ ಬೆಂಚಿನ ಮೇಲೆ ಹತ್ತಿ, ಗಂಟಲು ಹರಿಯುವಂತೆ, "ಓಡು ತಾತಾ, ಓಡು!" ಎಂದು ಕೂಗಿದಳು. ದಿನಕರರಿಗೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಪಡೆದ ಎಪ್ಪತ್ತೊಂದರ ಹಿರಿಯರು ಅವರ ಬೆನ್ನು ತಟ್ಟಿ, ಈ ವಯಸ್ಸಿನಲ್ಲೂ ಪರವಾಗಿಲ್ಲ, ಚೆನ್ನಾಗಿ ಓಡುತ್ತೀರಿ ಎಂದರು. ದಿನಕರ ನಿಜಕ್ಕೂ ಹಿಗ್ಗಿದರು.